ಹದಿನಾಲ್ಕನೆಯ ಬಕೆಟ್ಟು

ಹದಿಮೂರು ಬಕೆಟ್ಟುಗಳ ಒಳಮೈ ಮಸಿ ಹಿಡಿದು ಕರ್ರಗಾಗಿತ್ತು. ಹದಿನಾಲ್ಕನೆಯದು ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಹೊಳೆಯುತ್ತಿತ್ತು.

"ಇದೊಂದನ್ನ ಮೊದಲೇ ತೊಳೆದಿಟ್ರಾ?" ಎಂದೆ.

"ಅಯ್ಯೋ, ನಾನ್ಯಾಕೆ ತೊಳೀಲಿ? ಹೋದ ಹಾಗೇ ವಾಪಸ್ ಬಂತು ಅದು." ಕಟ್ಟಡ ಗುಡಿಸುವಾಕೆ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ತಂತಿಯ ಬ್ರಷ್ಷಿನಿಂದ ಮಸಿ ಕೆರೆಯುತ್ತಿದ್ದಳು. "ಹದಿನಾಲ್ಕೂ ಎತ್ಕೊಂಡು ಹೋದ್ರು. ಕೇಳಿದ್ದೂ ಇಲ್ಲ, ಹೇಳಿದ್ದೂ ಇಲ್ಲ. ಬೆಂಕಿ ಹಾಕಿ ತಂದು ಬಿಸಾಕಿದ್ದಾರೆ. ನಾಳೆ ಮೇಲಿನೋರು ಬೈಯೋದು ನನ್ನನ್ನ ತಾನೆ?"

"ದುಡಿಯುವ ಜನರ ಸಮ್ಮೇಳನ ಅಂತ ಬೋರ್ಡ್ ಹಾಕಿದ್ದಾರಲ್ಲ."

"ನೋಡ್ದೆ ನೋಡ್ದೆ. ಆ ಬೋರ್ಡ್ ಕಟ್ಟೋವಾಗ ಏಣಿ ಹಿಡ್ಕೊಂಡಿದ್ದು ನಾನೇ." ಬ್ರಷ್ಷನ್ನು ನೆಲಕ್ಕೆ ಬಡಿದಳು. "ಎರಡು ದಿನದಿಂದ ಇವರ ಕಕ್ಕಸು ತೊಳೀತಾ ಇದೀನಿ. ನೂರಾ ನಲವತ್ತು ಜನ. ಒಬ್ಬರಾದ್ರೂ ಊಟ ಆಯ್ತೇನಮ್ಮಾ ಅಂತ ಕೇಳಿದ್ರಾ?"

ನಾನೂ ಕೇಳಿರಲಿಲ್ಲ. "ಆಯ್ತಾ?" ಎಂದೆ.

"ಈಗ ಕೇಳಿದ್ರೆ ಬಕೆಟ್ಟಿಗೋಸ್ಕರ ಕೇಳಿದ ಹಾಗಾಗುತ್ತೆ. ಬಿಡಿ."

ಬಿಟ್ಟೆ. ಹೊಳೆಯುತ್ತಿದ್ದ ಬಕೆಟ್ಟನ್ನು ತಿರುಗಿಸಿ ನೋಡಿದೆ. ಹೊರಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದ ಅಂಕಿ ಇನ್ನೂ ಅಳಿಸಿರಲಿಲ್ಲ: 7.

ಏಳನೆಯ ಗುಂಪು. ಅಚ್ಚಕ್ಕನ ಗುಂಪು.

ನಿನ್ನೆ ಶನಿವಾರ ಮಧ್ಯಾಹ್ನ ಮೂರೂಮುಕ್ಕಾಲಿಗೆ ಅಚ್ಚಕ್ಕ ಈ ತರಬೇತಿ ಶಾಲೆಯ ಮೂರನೆಯ ಮಹಡಿಯ ಮೆಟ್ಟಿಲಸಾಲಿನಿಂದ ಕೆಳಕ್ಕೆ ಬಿದ್ದಿದ್ದಳು. ಹಾರಿದಳು ಎಂದು ಸಮ್ಮೇಳನದವರು ಹೇಳುತ್ತಿದ್ದರು. ಅವಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ನನ್ನ ಮಗಳು ಹಾರುವವಳಲ್ಲ ಎಂದು ಅವಳ ಅಮ್ಮ ಆಸ್ಪತ್ರೆಯ ಬೆಂಚಿನಿಂದ ನನಗೆ ಹೇಳಿಕಳಿಸಿದ್ದಳು.

ಅಚ್ಚಕ್ಕನ ಅಮ್ಮ ಹೊಲಿಗೆ ಮಷೀನು ತುಳಿದು ಬದುಕಿದವಳು. ಮಾತು ಕಡಿಮೆ. "ನಾಳೆ ಹತ್ತೂವರೆಗೆ ಕೋರ್ಟಿದೆ," ಎಂದಿದ್ದಳು, ಅಷ್ಟೇ. ಆರು ವರ್ಷದ ಮೊಮ್ಮಗಳು ಯಾರ ಹತ್ತಿರ ಇರಬೇಕೆಂದು ನಾಳೆ ತೀರ್ಮಾನವಾಗಬೇಕಿತ್ತು. ಸಾಯಲು ಹೊರಟ ತಾಯಿಗೆ ಯಾವ ನ್ಯಾಯಾಧೀಶ ಮಗು ಕೊಡುತ್ತಾನೆ? ಮಗುವಿನ ಅಪ್ಪನ ವಕೀಲ ಬೆಳಿಗ್ಗೆಯೇ ಠಾಣೆಗೆ ಹೋಗಿ "ಆ ಪತ್ರ"ದ ನಕಲು ತೆಗೆದುಕೊಂಡು ಹೋಗಿದ್ದ.

ಪತ್ರ ಅಂದರೆ, ಅಚ್ಚಕ್ಕನ ಸ್ವೆಟರಿನ ಜೇಬಿನಲ್ಲಿ ಪೊಲೀಸರಿಗೆ ಸಿಕ್ಕ ಹಾಳೆ. ಒಂದು ನಕಲು ನನ್ನ ಚೀಲದಲ್ಲೂ ಇತ್ತು.

"ನನ್ನಿಂದ ದೊಡ್ಡ ತಪ್ಪಾಗಿದೆ. ನನ್ನನ್ನು ನಂಬಿದವರಿಗೆ ಮುಖ ತೋರಿಸುವ ಯೋಗ್ಯತೆ ನನಗಿಲ್ಲ. ಎಲ್ಲ ಗೊತ್ತಿದ್ದೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇದಕ್ಕೆ ಕಾರಣ ನನ್ನ ಹೇಡಿತನವೇ ಹೊರತು ಬೇರೆ ಯಾರೂ ಅಲ್ಲ."

ಹೊರಗಿನವರು ಯಾರು ಓದಿದರೂ ಇದು ಸಾಯುವವಳ ಪತ್ರ. ಇನ್ಸ್‌ಪೆಕ್ಟರ್ ಕಾಲು ಗಂಟೆಯಲ್ಲಿ ಕಡತ ಮುಚ್ಚಿದ್ದ. ಏನಾದರೂ ಹೇಳುವುದಿದ್ದರೆ ಸೋಮವಾರ ಮಧ್ಯಾಹ್ನ ಬನ್ನಿ ಎಂದಿದ್ದ.

ನಾನು ಇಂಥ ನಲವತ್ತು ಪತ್ರ ಬರೆದಿದ್ದೇನೆ. ಇನ್ನೂ ಬದುಕಿದ್ದೇನೆ.

ಹನ್ನೆರಡು ವರ್ಷದ ಹಿಂದಿನ ತನಕ ನಾನೂ ಇವರ ಪೈಕಿಯೇ. ಇಲ್ಲಿ ನನ್ನನ್ನು ಸೂಜಿ ಎನ್ನುತ್ತಿದ್ದರು. ಈಗ ವಿಮಾ ಕಂಪನಿಯೊಂದಕ್ಕೆ ಸುಳ್ಳು ಅಪಘಾತಗಳನ್ನು ಪತ್ತೆ ಮಾಡಿಕೊಡುತ್ತೇನೆ. ಅದಕ್ಕಾಗಿ ಇವರು ನನ್ನನ್ನು ಬಂಡವಾಳದ ನಾಯಿ ಎನ್ನುತ್ತಾರಂತೆ. ಇರಲಿ. ನಾಯಿಗೆ ಮೂಗಿದೆ.

ನನ್ನ ಕಾಲದಲ್ಲಿ ತಿಂಗಳಿಗೊಂದು ಶನಿವಾರ, ಈಗ ಸಮ್ಮೇಳನದ ಮೊದಲ ದಿನ, ಮೂರರಿಂದ ನಾಲ್ಕರವರೆಗೆ "ಕನ್ನಡಿ ಹೊತ್ತು". ಹತ್ತತ್ತು ಜನರ ಹದಿನಾಲ್ಕು ಗುಂಪು, ಹದಿನಾಲ್ಕು ಕೋಣೆ. ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ತಮ್ಮ ತಪ್ಪನ್ನು ತಾವೇ ಬರೆಯಬೇಕು. ಮೊದಲು ತಪ್ಪು, ಆಮೇಲೆ ಕಾರಣ, ಕೊನೆಗೆ ತಿದ್ದುಪಡಿ. ಎದ್ದು ನಿಂತು ಗುಂಪಿಗೆ ಓದಿ ಹೇಳಬೇಕು. ನಂತರ ಎಲ್ಲ ಹಾಳೆಯನ್ನೂ ಬಕೆಟ್ಟಿಗೆ ಹಾಕಿ ಸುಡಬೇಕು. ಪೊಲೀಸರ ಕೈಗೆ ಒಂದು ಅಕ್ಷರವೂ ಸಿಗಬಾರದು.

ಮನುಷ್ಯರು ಒಬ್ಬರ ಮುಂದೊಬ್ಬರು ಚಿಕ್ಕವರಾಗಿ, ಹಗುರಾಗಿ ಏಳುವ ಆ ಒಂದು ಗಂಟೆಯನ್ನು ನಾನು ಎಷ್ಟು ಪ್ರೀತಿಸಿದ್ದೆನೆಂದರೆ, ಸಂಘಟನೆ ಬಿಟ್ಟ ಮೇಲೂ ಶನಿವಾರ ಮೂರು ಗಂಟೆಯಾದರೆ ಕೈ ಪೆನ್ನು ಹುಡುಕುತ್ತಿತ್ತು.

ಏಳನೆಯ ಬಕೆಟ್ಟಿನಲ್ಲಿ ಯಾರೂ ಕಡ್ಡಿಯನ್ನೇ ಗೀರಿರಲಿಲ್ಲ.

*

ಮೂರನೆಯ ಮಹಡಿಗೆ ಹತ್ತುವಾಗ ಮೂಗು ಮುಚ್ಚಿಕೊಂಡೆ. ಮೆಟ್ಟಿಲ ಮೂಲೆಯಲ್ಲಿ ತಟ್ಟೆಗಳ ರಾಶಿ, ಅರ್ಧ ತಿಂದ ಬ್ರೆಡ್ಡಿನೊಳಗೆ ಒತ್ತಿ ಆರಿಸಿದ ಸಿಗರೇಟು. ಕಿಟಕಿಯ ಮೇಲೆ ಒಣಹಾಕಿದ ಯಾರದೋ ಕಾಲುಚೀಲ. ಗೋಡೆಯಲ್ಲಿ ದೊಡ್ಡ ಕೆಂಪಕ್ಷರ: "ಸ್ವಚ್ಛತೆ ಎಲ್ಲರ ಪಾಳಿ". ಅದರ ಕೆಳಗೆ ಪಾಳಿಯ ಪಟ್ಟಿ. ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ.

ಏಳನೆಯ ಕೋಣೆ ಚಿತ್ರಕಲೆಯ ತರಗತಿ. ಹತ್ತು ಕುರ್ಚಿ ದುಂಡಗೆ ನಿಂತಿದ್ದವು. ಒಂದು ಕುರ್ಚಿ ಮಾತ್ರ ಹಿಂದಕ್ಕೆ ಉರುಳಿತ್ತು. ಅದನ್ನು ಎತ್ತಿ ನಿಲ್ಲಿಸುವ ಪಾಳಿ ಕೂಡ ಯಾರದೂ ಅಲ್ಲವೇನೋ. ಮೇಜಿನ ಮೇಲೆ ಸಾಲು ಹಾಕಿದ ಹಾಳೆಗಳ ಪ್ಯಾಡು ಬಿದ್ದಿತ್ತು. ಎಲ್ಲ ಗುಂಪಿಗೂ ಹಂಚಿದ್ದು ಅದೇ ಪ್ಯಾಡು.

ಒಂದು ಹಾಳೆ ಹರಿದು ಸಾಲು ಎಣಿಸಿದೆ. ಇಪ್ಪತ್ತೇಳು.

ಚೀಲದಿಂದ ನಕಲು ತೆಗೆದು ಎಣಿಸಿದೆ. ಹದಿನೆಂಟು.

ಮತ್ತೆ ಎಣಿಸಿದೆ. ಹದಿನೆಂಟೇ. ಕೆಳಗಿನ ಅಂಚು ನೇರವಾಗಿತ್ತು, ಅಳತೆಪಟ್ಟಿ ಇಟ್ಟು ಹರಿದ ಹಾಗೆ. ಬರೆದದ್ದು ಕಡಿಮೆಯಾದರೂ ತಪ್ಪಿಗೆ ಒಂಬತ್ತು ಸಾಲಿನ ಜಾಗ, ಕಾರಣಕ್ಕೆ ಒಂಬತ್ತು ಸಾಲಿನ ಜಾಗ. ಅಚ್ಚಕ್ಕ ಮುದ್ರಣಾಲಯದಲ್ಲಿ ಪುಟ ಕಟ್ಟುವವಳು. ಹಾಳೆಯನ್ನು ಸಮನಾಗಿ ಮೂರು ಪಾಲು ಮಾಡಿಯೇ ಬರೆಯುತ್ತಿದ್ದಳು. ತಿದ್ದುಪಡಿಯ ಒಂಬತ್ತು ಸಾಲು ಎಲ್ಲಿ? ಉಳಿದದ್ದನ್ನು ಮತ್ತೆ ಅವಳ ಜೇಬಿಗೆ ಸೇರಿಸಿದ್ದು ಯಾರು?

"ಇಲ್ಲೇನ್ ಮಾಡ್ತಿದೀಯ?"

ಬಾಗಿಲಲ್ಲಿ ಡಾಕ್ಟರು ನಿಂತಿದ್ದ. ಡಾಕ್ಟರೆಂದರೆ ಹಲ್ಲಿನ ಡಾಕ್ಟರು. ಏಳನೆಯ ಗುಂಪಿನ ಸಂಚಾಲಕ. ಬಿದ್ದವಳ ನಾಡಿ ಹಿಡಿದು, "ಇದು ಆತ್ಮಹತ್ಯೆಯ ಪ್ರಯತ್ನ" ಎಂದು ಇನ್ಸ್‌ಪೆಕ್ಟರಿಗೆ ಮೊದಲು ಹೇಳಿದವನೂ ಇವನೇ. ದವಡೆ ಹಲ್ಲು ಕೀಳುವವನಿಗೆ ಬೀಳುವವರ ಮನಸ್ಸು ಹೇಗೆ ತಿಳಿಯಿತೋ.

"ನಿನ್ನೆ ಮೂರೂಮುಕ್ಕಾಲಿಗೆ ಎಲ್ಲಿದ್ರಿ ಡಾಕ್ಟ್ರೇ?"

"ನಾವೆಲ್ಲ ಕೆಳಗೆ ಸಭಾಂಗಣದಲ್ಲಿ ಒಟ್ಟಿಗೇ ಇದ್ವಿ."

"ಬೆಳಿಗ್ಗೆಯಿಂದ ಮೂವತ್ತೊಂದು ಜನರನ್ನ ಕೇಳ್ದೆ. ಮೂವತ್ತೊಂದು ಜನವೂ ಇದೇ ವಾಕ್ಯ ಹೇಳಿದ್ರು. ಒಂದು ಅಕ್ಷರ ಆಚೆ ಈಚೆ ಇಲ್ಲ."

"ನಿಜ ಎಲ್ಲರ ಬಾಯಲ್ಲೂ ಒಂದೇ ಇರುತ್ತೆ."

"ಹೌದಾ?" ಬಾಗಿಲಿಗೆ ಅಂಟಿಸಿದ್ದ ಕಾರ್ಯಕ್ರಮದ ಪಟ್ಟಿಯ ಮೇಲೆ ಬೆರಳಿಟ್ಟೆ. "ಮೂರರಿಂದ ನಾಲ್ಕು, ಕನ್ನಡಿ ಹೊತ್ತು, ಹದಿನಾಲ್ಕು ಕೋಣೆಗಳಲ್ಲಿ. ಅದು ಹೇಗೆ ಸ್ವಾಮಿ, ಕೋಣೆಯಲ್ಲೂ ಇದ್ರಿ, ಸಭಾಂಗಣದಲ್ಲೂ ಇದ್ರಿ?"

ಅವನು ಪಟ್ಟಿಯನ್ನೇ ನೋಡಿದ. ಕಿವಿ ಕೆಂಪಾಯಿತು.

"ಆ ವಾಕ್ಯ… ರಾತ್ರಿ ಸಭೆಯಲ್ಲಿ ತೀರ್ಮಾನ ಆಗಿದ್ದು."

"ಸುಳ್ಳಿಗೂ ಒಮ್ಮತ ತಗೊಂಡ್ರಾ?"

"ಸಂಘಟನೆ ಉಳಿಸೋಕೆ ಅಂದ್ರು. ಎರಡು ತಿದ್ದುಪಡಿ ಬಂತು, ಆಮೇಲೆ ಎಲ್ಲರೂ ಒಪ್ಪಿದ್ರು."

ನಗು ಬಂತು. ಬೇರೆ ಕಳ್ಳರಾದರೆ ಸುಳ್ಳು ಹೇಳುವ ಮುನ್ನ ಗಡಿಯಾರ ನೋಡುತ್ತಾರೆ. ಇವರು ಕೈ ಎತ್ತಿ ಎಣಿಸುತ್ತಾರೆ. ನೂರಾ ನಲವತ್ತು ಜನ ಒಪ್ಪಿದರೆ ಗೋಡೆಯ ಮೇಲಿನ ಪಟ್ಟಿಯೂ ಒಪ್ಪಿಬಿಡುತ್ತದೆ ಅಂದುಕೊಂಡಿದ್ದರು.

"ನಿಮ್ಮ ಗುಂಪಿನ ಹಾಳೆ ಎಲ್ಲಿ ಸುಟ್ರಿ?"

"ಬಕೆಟ್ಟಲ್ಲಿ."

"ಏಳನೇ ಬಕೆಟ್ಟು ಕೆಳಗಿದೆ. ಅದರಲ್ಲಿ ಮುಖ ನೋಡ್ಕೋಬಹುದು, ಅಷ್ಟು ಹೊಳೀತಿದೆ. ಬನ್ನಿ, ತೋರಿಸ್ತೀನಿ."

ಡಾಕ್ಟರು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರ ಮೇಲೇ ಕೂತ.

"ಪ್ರತಿ ಸಲ ಒಂದು ಗುಂಪಿನದು ಸುಡಲ್ಲ," ಎಂದ, ನೆಲ ನೋಡುತ್ತ. "ಹೊರಗೆ ಸುಡ್ತೀವಿ ಅಂತ ಹೇಳಿ ಸಂಚಾಲಕ ಎತ್ಕೊಂಡು ಹೋಗ್ತಾನೆ. ಮೇಷ್ಟ್ರಿಗೆ ಕೊಡ್ತಾನೆ. ಅಧ್ಯಯನಕ್ಕೆ ಬೇಕು ಅಂತಾರೆ."

"ಅಧ್ಯಯನ!"

"ಕೂಗಬೇಡ ಸೂಜಿ."

"ಅಚ್ಚಕ್ಕನಿಗೆ ಇದು ಗೊತ್ತಾಗಿತ್ತು. ಅಲ್ವಾ?"

"ಅವಳದ್ದೇ ಹಳೇ ಹಾಳೆಯನ್ನ ಹೋದ ತಿಂಗಳು ಅವಳ ಮುಂದೆ ಇಟ್ಟರಂತೆ. ನಮ್ಮ ಸಂಘಟನೆಯ ಪತ್ರಿಕೆಯಲ್ಲಿ ಏನೋ ಹಾಕಲ್ಲ ಅಂದಿದ್ಲಂತೆ. ಹಾಳೆ ನೋಡಿದ ಮೇಲೆ ಹಾಕಿದ್ಲು." ಎರಡು ಕೈಯನ್ನೂ ತೊಡೆಗಳ ನಡುವೆ ಸಿಕ್ಕಿಸಿಕೊಂಡ. "ನಿನ್ನೆ ಓದೋಕೆ ಎದ್ದು ನಿಂತ್ಲು. ತಪ್ಪು ಓದಿದ್ಲು. ಕಾರಣ ಓದಿದ್ಲು. ತಿದ್ದುಪಡಿ ಶುರು ಮಾಡಿದ ತಕ್ಷಣ ಒಬ್ಬರು ಹೋಗಿ ಹಾಳೆ ಕಿತ್ಕೊಳ್ಳೋಕೆ ನೋಡಿದ್ರು. ಇವಳು ಹೊರಗೆ ಓಡಿದ್ಲು. ಅವರೂ ಹಿಂದೆ ಹೋದ್ರು."

"ಯಾರು?"

ಡಾಕ್ಟರು ಎದ್ದು ಬಾಗಿಲು ಮುಚ್ಚಿದ.

"ಡಾಕ್ಟ್ರೇ, ಒಂದು ಮಗು ಇದೆ. ನಾಳೆ ಹತ್ತೂವರೆಗೆ ಅದನ್ನ ಎತ್ಕೊಂಡು ಹೋಗ್ತಾರೆ. ಯಾರು?"

"ನನ್ನ ಹಾಳೆನೂ ಮೇಷ್ಟ್ರ ಹತ್ರ ಇದೆ ಕಣೇ," ಎಂದ. "ಗುಂಪಿನ ಒಂಬತ್ತು ಜನರದ್ದೂ ಇದೆ. ನಮ್ಮಲ್ಲಿ ಯಾರು ಬಾಯಿ ಬಿಡ್ತಾರೆ ಹೇಳು?"

*

ಸಂಘಟನೆಗೆ ಹಿರಿಯರಾದ ಮೇಷ್ಟ್ರು ಪ್ರಾಂಶುಪಾಲರ ಕೋಣೆಯಲ್ಲಿ ಸೇಬು ಹೆಚ್ಚುತ್ತಿದ್ದರು. ಬಾಗಿಲ ಹೊರಗೆ ತೋಳಿಗೆ ಪಟ್ಟಿ ಕಟ್ಟಿದ ಶಿಸ್ತುಪಡೆಯ ಇಬ್ಬರು. ಗಂಟೆ ನಾಲ್ಕೂಕಾಲು. ಐದಕ್ಕೆ ಸಮಾರೋಪ. ಆಮೇಲೆ ಅಡ್ಡಹೆಸರು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನೂರಾ ನಲವತ್ತು ಜನ, ನೂರಾ ನಲವತ್ತು ದಿಕ್ಕಿಗೆ.

"ಬಾ ಸೂಜಿ. ಎಷ್ಟು ವರ್ಷ ಆಯ್ತು! ದಪ್ಪ ಆಗಿದೀಯ. ವಿಮಾ ಕಂಪನಿ ಚೆನ್ನಾಗಿ ಸಾಕ್ತಿದೆ ಅನ್ನು."

"ನೀವು ಹಾಗೇ ಇದೀರಿ ಮೇಷ್ಟ್ರೇ. ಬೇರೆಯವರ ತಪ್ಪು ತಿಂದು ಬದುಕಿದ್ರೆ ಮೈಗೆ ಹತ್ತಲ್ಲ ಅನ್ಸುತ್ತೆ."

ಬೀಜವನ್ನು ಚಾಕುವಿನ ತುದಿಯಿಂದ ಎಬ್ಬಿಸಿ ನೆಲಕ್ಕೆ ಚಿಮ್ಮಿದರು. ನೆಲ ಗುಡಿಸುವವರಿದ್ದಾರಲ್ಲ.

ಈ ಮನುಷ್ಯನ ಪಾಠ ಕೇಳಿಯೇ ನಾನು ಕಣ್ಣು ಬಿಟ್ಟದ್ದು. ಪಕ್ಕದಲ್ಲಿರುವವರ ಹಸಿವು ನನ್ನದೂ ಹೌದು ಎಂದು ಕಲಿತದ್ದು ಇವರ ಓದುಕೂಟದಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಆ ಮಾತನ್ನು ನಾನು ಈಗಲೂ ನಂಬುತ್ತೇನೆ.

ನಕಲನ್ನು ಮೇಜಿನ ಮೇಲಿಟ್ಟೆ. "ಪೊಲೀಸರು ಇದನ್ನ ಓದಿದಾಗ ನೀವು ಪಕ್ಕದಲ್ಲೇ ನಿಂತಿದ್ರಿ. ಇದು ಕನ್ನಡಿ ಹೊತ್ತಿನ ಹಾಳೆ ಅಂತ ಯಾಕೆ ಹೇಳ್ಲಿಲ್ಲ?"

"ನಮ್ಮ ಪದ್ಧತಿಯನ್ನ ಪೊಲೀಸರಿಗೆ ವಿವರಿಸಬಾರದು. ಆ ನಿಯಮಕ್ಕೆ ನೀನೂ ಕೈ ಎತ್ತಿದ್ದೆ."

"ಅವಳು ಮಗು ಕಳ್ಕೊಳ್ತಾಳೆ."

"ಅದು ವೈಯಕ್ತಿಕ."

"ವೈಯಕ್ತಿಕ! ಹೋದ ವರ್ಷ ನಿಮಗೆ ನ್ಯುಮೋನಿಯಾ ಆದಾಗ ಹದಿನಾರು ದಿನ ಗಂಜಿ ಬೇಯಿಸಿ ತಂದವಳು ಅವಳು. ಅದು ಸಂಘಟನೆಯ ಕೆಲಸ ಆಗಿತ್ತಾ?"

"ನೀನು ಮೊದಲಿನಿಂದಲೂ ಭಾವಜೀವಿ." ಸೇಬಿನ ಹೋಳೊಂದನ್ನು ನನ್ನತ್ತ ಚಾಚಿದರು. ನಾನು ಮುಟ್ಟಲಿಲ್ಲ, ತಾವೇ ತಿಂದರು.

"ಕೆಳಗಿನ ಒಂಬತ್ತು ಸಾಲು ಎಲ್ಲಿ ಮೇಷ್ಟ್ರೇ?"

ಮೊದಲ ಸಲ ಅವರ ದವಡೆ ನಿಂತಿತು. ಆಮೇಲೆ ಮತ್ತೆ ಆಡಿತು.

"ಎಣಿಸಿದೆಯಾ? ಭೇಷ್. ಒಳ್ಳೆ ವಿದ್ಯಾರ್ಥಿನಿ." ಕೈ ಒರೆಸಿಕೊಂಡು, ಮೇಜಿನ ಕೆಳಗಿನ ಚರ್ಮದ ಚೀಲದಿಂದ ದಪ್ಪನೆಯ ಕಡತವೊಂದನ್ನು ತೆಗೆದರು. ದಾರ ಬಿಚ್ಚಿದರು. ಹಳೆಯದು ಹೊಸದು ಸೇರಿ ನೂರಾರು ಹಾಳೆ. ಯಾರ ಯಾರದೋ ಕೈಬರಹ. ಯಾರ ಯಾರದೋ ರಾತ್ರಿಗಳ ನಿದ್ದೆ.

ಎಲ್ಲಕ್ಕಿಂತ ಮೇಲೆ, ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಒಂದು ಗಿಡ್ಡ ತುಂಡು ಕಾಗದ. ಒಂದೊಂದು ಅಕ್ಷರವನ್ನೂ ಅಚ್ಚುಮೊಳೆ ಜೋಡಿಸಿದಂತೆ ನೆಟ್ಟಗೆ ನಿಲ್ಲಿಸುವ ಆ ಬರಹ ಇಡೀ ಊರಿನಲ್ಲಿ ಒಬ್ಬಳದ್ದೇ. ತಲೆಕೆಳಗಾಗಿ ಕಂಡರೂ ಮೊದಲ ಸಾಲು ಓದಲಿಕ್ಕಾಯಿತು:

"ತಿದ್ದುಪಡಿ: ನಾಳೆ ಸಮಾರೋಪದಲ್ಲಿ ನಾನು ಎಲ್ಲರ ಮುಂದೆ ನಿಂತು…"

ನಾಳೆ. ನಾಳೆ ಏನು ಮಾಡುತ್ತೇನೆಂದು ಬರೆದಿಟ್ಟವಳು ಇವತ್ತು ಹಾರುವುದಿಲ್ಲ. ಆ ಒಂದೇ ಸಾಲು ಸಾಕು, ಯಾವ ಕೋರ್ಟಿಗಾದರೂ.

ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ. ಎಲ್ಲರ ಫೋನಿನಂತೆ ನನ್ನದೂ ಹೆಬ್ಬಾಗಿಲ ಬಳಿಯ ಬಿಸ್ಕತ್ತು ಡಬ್ಬಿಯಲ್ಲಿತ್ತು.

ಮೇಷ್ಟ್ರು ಆ ತುಂಡಿನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಅಡಿಯಲ್ಲಿದ್ದ ಹಳದಿಗಟ್ಟಿದ ಹಾಳೆಯೊಂದನ್ನು ಎಳೆದು ನನ್ನ ಮುಂದಿಟ್ಟರು.

"ಓದ್ಕೋ."

ಓದುವ ಅಗತ್ಯವಿರಲಿಲ್ಲ. ನನ್ನದೇ ಬರಹ. "ಕಾರ್ಖಾನೆಯ ಗೇಟಿನಲ್ಲಿ ಗಲಾಟೆ ನಡೆದಾಗ ನಾನು ಅಲ್ಲಿರಲಿಲ್ಲ. ಕಾವಲುಗಾರನೇ ಮೊದಲು ಹೊಡೆದದ್ದನ್ನು ಕಂಡೆನೆಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದೆ. ಅವನಿಗೆ ಎರಡು ವರ್ಷ ಜೈಲಾಯಿತು…"

ಹನ್ನೆರಡು ವರ್ಷ. ಹೊರಗೆ ಬಕೆಟ್ಟಿನಲ್ಲಿ ಉರಿದುಹೋಯಿತು ಎಂದು ಅಂದಿನ ಸಂಚಾಲಕ ಬಂದು ಹೇಳಿದ್ದ. ಏನು ಉರಿಯಿತೆಂದು ನಾನು ಕೇಳಿರಲಿಲ್ಲ.

"ಆ ಸುಳ್ಳನ್ನ ಹೇಳು ಅಂದೋರು ನೀವು," ಎಂದೆ.

"ಹಾಳೆಯಲ್ಲಿ ಹಾಗಿಲ್ಲ. ಕಾರಣ ನನ್ನ ಅತ್ಯುತ್ಸಾಹ ಅಂತ ಬರೆದಿದೀಯ." ಹಾಳೆಯನ್ನು ಜೋಪಾನವಾಗಿ ವಾಪಸ್ ಸೇರಿಸಿದರು. "ನಾಳೆ ಕೋರ್ಟಲ್ಲಿ ನೀನು ಬಾಯಿ ಬಿಟ್ರೆ ಇದೂ ಬಾಯಿ ಬಿಡುತ್ತೆ. ಸುಳ್ಳು ಸಾಕ್ಷಿ ಹೇಳಿದವಳ ಸಾಕ್ಷಿ. ಪಾಪ, ಆ ಮಗುವಿಗೆ ಎಷ್ಟು ಉಪಯೋಗ ಆದೀತು?"

"ಅವಳನ್ನ ತಳ್ಳಿದ್ದು ಯಾರು?"

"ಯಾರೂ ತಳ್ಳಲಿಲ್ಲ ಅಂತ ಐದು ಗಂಟೆಗೆ ಸಭೆ ತೀರ್ಮಾನ ಮಾಡುತ್ತೆ," ಎಂದರು ಮೇಷ್ಟ್ರು. ದಾರ ಕಟ್ಟಿ ಗಂಟು ಹಾಕಿದರು. "ಸೇಬು ಬೇಡವಾ? ಸಿಹಿಯಾಗಿದೆ."

ಆ ತುಂಡನ್ನು ಅವರು ಯಾಕೆ ಹರಿದುಹಾಕಲಿಲ್ಲವೆಂದು ಮೆಟ್ಟಿಲಿಳಿಯುವಾಗ ಹೊಳೆಯಿತು. ಆ ಒಂಬತ್ತು ಸಾಲಿನಲ್ಲಿ ಅವಳ ಬೆನ್ನಟ್ಟಿ ಓಡಿದವರ ಕುತ್ತಿಗೆ ಸಿಕ್ಕಿಕೊಂಡಿದೆ. ಕೈಗೆ ಬಂದ ಕುತ್ತಿಗೆಯನ್ನು ಬಿಟ್ಟುಕೊಡುವ ಪೈಕಿ ಅಲ್ಲ ಈ ಮನುಷ್ಯ.

*

ಸಭಾಂಗಣದಲ್ಲಿ ಬೆವರು, ಒದ್ದೆ ಬೂಟು, ಹಳಸಿದ ಚಹಾದ ವಾಸನೆ. ಹೊರಡುವ ಚೀಲಗಳು ಆಗಲೇ ಗೋಡೆಗೆ ಒರಗಿದ್ದವು. ವೇದಿಕೆಯಲ್ಲಿ ಸಭೆಯ ನಿರ್ವಾಹಕಿ ನಿರ್ಣಯ ಓದಿದಳು:

"ನಮ್ಮ ಪ್ರೀತಿಯ ಸಂಗಾತಿ ಮಾನಸಿಕ ಒತ್ತಡದಿಂದ ಸ್ವಇಚ್ಛೆಯಿಂದ ಈ ಹೆಜ್ಜೆ ಇಟ್ಟಿದ್ದಾರೆಂದು ಸಭೆ ವಿಷಾದದಿಂದ ದಾಖಲಿಸುತ್ತದೆ. ಪ್ರತಿಯನ್ನು ಪೊಲೀಸರಿಗೆ ಕೊಡತಕ್ಕದ್ದು."

ಇಲ್ಲಿ ಚಪ್ಪಾಳೆಯಿಲ್ಲ, ಬಹುಮತವಿಲ್ಲ. ಒಪ್ಪಿದವರು ಎರಡೂ ಅಂಗೈ ಮೇಲೆತ್ತಬೇಕು. ಒಪ್ಪದವರು ಎರಡು ಮುಷ್ಟಿಯನ್ನು ತಲೆಯ ಮೇಲೆ ಅಡ್ಡಲಾಗಿ ಕಟ್ಟಬೇಕು. ಅದಕ್ಕೆ ತಡೆ ಎನ್ನುತ್ತಾರೆ. ನೂರಾ ನಲವತ್ತರಲ್ಲಿ ಒಬ್ಬರು ತಡೆದರೂ ನಿರ್ಣಯ ಬಿದ್ದುಹೋಗುತ್ತದೆ. ನಿರ್ವಾಹಕಿ ಮೂರು ಎಣಿಸುವ ತನಕ ತಡೆಯಬಹುದು. ಪ್ರತಿನಿಧಿಗಳು ಮಾತ್ರ.

ನನ್ನ ಎದೆಯ ಮೇಲೆ ಅತಿಥಿ ಎಂಬ ರಿಬ್ಬನ್ನಿತ್ತು. ಆದರೂ ಎದ್ದು ನಿಂತೆ.

"ಅತಿಥಿಗಳಿಗೆ ಮಾತಿಲ್ಲ!" ಎಂದರು ಯಾರೋ.

"ಮಾತಿಲ್ಲ ಬಿಡಿ. ತಪ್ಪಿದೆ. ತಪ್ಪು ಒಪ್ಪಿಕೊಳ್ಳೋಕೂ ರಿಬ್ಬನ್ ಬೇಕಾ?"

ಸದ್ದು ಇಳಿಯಿತು. ಹೇಳಿಬಿಟ್ಟೆ. ಕಾರ್ಖಾನೆಯ ಗೇಟು, ಪ್ರಮಾಣ, ಕಾವಲುಗಾರ, ಎರಡು ವರ್ಷ. ಒಂದೊಂದು ಮಾತು ಹೊರಬಂದಾಗಲೂ ಗೊತ್ತಾಗುತ್ತಿತ್ತು: ನಾಳೆಯ ಕೋರ್ಟಿನಲ್ಲಿ ನನ್ನ ಸಾಕ್ಷಿಗೆ ಇನ್ನು ಕಿಲುಬು ಕಾಸಿನ ಬೆಲೆಯಿಲ್ಲ. ಆದರೆ ಮೇಷ್ಟ್ರ ಕೈಯಲ್ಲಿದ್ದ ನನ್ನ ಕುತ್ತಿಗೆ ಬಿಡುಗಡೆಯಾಗಿತ್ತು.

"ಇದನ್ನೆಲ್ಲ ಬರೆದ ಹಾಳೆ ಸುಟ್ಟುಹೋಯ್ತು ಅಂತ ನಂಬಿದ್ದೆ. ಇವತ್ತು ನಾಲ್ಕೂವರೆಗೆ ಅದನ್ನ ಮೇಷ್ಟ್ರ ಕಡತದಲ್ಲಿ ನೋಡಿದೆ. ಅದೊಂದೇ ಅಲ್ಲ. ಅಲ್ಲಿ ನೂರಾರಿವೆ. ನಿಮ್ಮಲ್ಲಿ ಯಾರದ್ದಿದೆ, ಯಾರದ್ದಿಲ್ಲ, ನಿಮಗೇ ಗೊತ್ತಿಲ್ಲ. ಅಚ್ಚಕ್ಕ ಇವತ್ತು ಇಲ್ಲಿ ನಿಂತು ಹೇಳಬೇಕು ಅಂತಿದ್ದದ್ದು ಇದನ್ನೇ. ಅವಳ ಕೊನೆಯ ಒಂಬತ್ತು ಸಾಲೂ ಅದೇ ಕಡತದಲ್ಲಿದೆ!"

ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. "ಸುಡ್ಲಿಲ್ವಾ?" "ನಂದೂ ಇದೆಯಾ?" "ಮೇಷ್ಟ್ರೇ, ಹೇಳ್ರೀ!" ಮುಂದಿನ ಸಾಲಿನ ದಪ್ಪ ಕನ್ನಡಕದ ಹೆಂಗಸು ಸೆರಗು ಬಾಯಿಗೊತ್ತಿಕೊಂಡಳು.

ಒಂದು ನಿಮಿಷ, ಬರೀ ಒಂದು ನಿಮಿಷ, ಗೆದ್ದೆ ಅಂದುಕೊಂಡೆ.

ಮೇಷ್ಟ್ರು ಕಡತವನ್ನು ಎದೆಗವಚಿಕೊಂಡು ವೇದಿಕೆ ಹತ್ತಿದರು. ಧ್ವನಿ ಮೈಕಿನಲ್ಲಿ ನಡುಗಿತು, ಎಷ್ಟು ಬೇಕೋ ಅಷ್ಟು.

"ಸಂಗಾತಿಗಳೇ, ಸೂಜಿ ಹೇಳಿದ್ದು ನಿಜ. ತಪ್ಪು ನನ್ನದು. ಸುಡಬೇಕಾದ್ದನ್ನು ಸುಡಲಿಲ್ಲ. ಕಾರಣ, ನಿಮ್ಮಿಂದ ಕಲಿಯುವ ನನ್ನ ದುರಾಸೆ. ತಿದ್ದುಪಡಿಯನ್ನು ನಾನು ನಾಳೆಗೆ ಮುಂದೂಡುವುದಿಲ್ಲ." ಕಡತವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. "ಒಬ್ಬರೂ ಒಂದು ಹಾಳೆಯನ್ನೂ ತೆರೆಯದೆ, ಇದನ್ನು ಹೀಗೇ, ಈಗಲೇ, ನಿಮ್ಮ ಕಣ್ಣ ಮುಂದೆ ಸುಟ್ಟುಹಾಕೋಣ. ಹಳೆಯ ನಿರ್ಣಯ ಆಮೇಲೆ ನೋಡಿದರಾಯಿತು. ಒಪ್ಪಿಗೆಯಾ?"

ಈ ಬೆಂಕಿಯನ್ನು ಅವರ ಕೈಗೆ ಕೊಟ್ಟವಳು ನಾನೇ.

"ಬೇಡ! ಅಚ್ಚಕ್ಕನ ತುಂಡು ಮೇಲೇ ಇದೆ! ಅದೊಂದನ್ನ ಎತ್ತಿಟ್ಟು ಉಳಿದದ್ದು ಸುಡಿ!"

"ಒಂದನ್ನ ತೆಗೆದ್ರೆ ಎಲ್ಲಾನೂ ತೆಗೀಬೇಕಾಗುತ್ತೆ!" ಹಿಂದಿನಿಂದ ಒಬ್ಬ ಅರಚಿದ.

"ಯಾರದ್ದನ್ನೂ ಯಾರೂ ನೋಡಬಾರ್ದು!"

"ಸುಡಿ ಮೊದಲು!"

ಅಂಗೈಗಳು ಎದ್ದವು. ಹತ್ತು, ಮೂವತ್ತು, ನೂರು. ಶಾಯಿ ಮೆತ್ತಿದ ಅಂಗೈ, ಉಗುರು ಕಚ್ಚಿದ ಅಂಗೈ, ಜಗತ್ತನ್ನೇ ಬದಲಿಸುತ್ತೇವೆಂದು ನಿನ್ನೆ ಇದೇ ಸಭಾಂಗಣದಲ್ಲಿ ಎದ್ದ ಅವೇ ಅಂಗೈಗಳು. ಗಂಟೆಗಟ್ಟಲೆ ಒಂದು ಅಲ್ಪವಿರಾಮಕ್ಕೆ ಕಚ್ಚಾಡುವ ಇವರು ಇಷ್ಟು ಬೇಗ ಒಪ್ಪಿದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಮೇಷ್ಟ್ರು ಕಡ್ಡಿಪೆಟ್ಟಿಗೆ ತೆಗೆದರು.

"ತಡೆ ಇದೆಯಾ?" ನಿರ್ವಾಹಕಿ ಕೇಳಿದಳು. "ಒಂದು."

ಸಾಲು ಸಾಲಾಗಿ ಮುಖ ಹುಡುಕಿದೆ. ಎಲ್ಲರೂ ಕಡತವನ್ನೇ ನೋಡುತ್ತಿದ್ದರು. ಡಾಕ್ಟರು ಒಬ್ಬ ಮಾತ್ರ ನನ್ನನ್ನು ನೋಡುತ್ತಿದ್ದ, ಎರಡೂ ಅಂಗೈ ಮೇಲೆತ್ತಿಕೊಂಡೇ.

ತಡೆಯಲು ಎರಡು ಮುಷ್ಟಿ ಬೇಕು.

ಅವನ ಎಡಗೈ ನಿಧಾನವಾಗಿ ಮುಚ್ಚಿಕೊಂಡಿತು. ಬಲಗೈ ಇನ್ನೂ ತೆರೆದೇ ಇತ್ತು.

ಕಡ್ಡಿ ಹೊತ್ತಿತು.

"ಎರಡು," ಎಂದಳು ನಿರ್ವಾಹಕಿ.